ಆರಿಸಿದ ದೀಪ ಮಿಣುಕುವುದೇಕೆ?

ಸ್ಮಾರ್ಟ್ ಸ್ವಿಚ್ ಹಾಕಿಸಿದ ಮನೆಗಳಲ್ಲಿ ಆಗಾಗ ಕೇಳಿಬರುವ ದೂರು ಇದು: ಮೊಬೈಲಿನಲ್ಲೇ ದೀಪ ಆರಿಸಿ ಮಲಗಿದರೆ, ಕತ್ತಲಲ್ಲಿ ಎಲ್‌ಇಡಿ ಬಲ್ಬು ಕ್ಷಣಕ್ಕೊಮ್ಮೆ ಮಿಣುಕ್ ಎನ್ನುತ್ತದೆ. ಬಲ್ಬು ಬದಲಿಸಿದರೂ ನಿಲ್ಲುವುದಿಲ್ಲ. ಕಾರಣ ಗೋಡೆಯ ಬೋರ್ಡಿನೊಳಗಿದೆ.

ಹಳೆಯ ಸ್ವಿಚ್ಚಿಗೆ ಹಸಿವಿಲ್ಲ. ಫೇಸ್ ತಂತಿಯನ್ನು ಕೂಡಿಸುವುದು, ಬಿಡಿಸುವುದು, ಅಷ್ಟೇ ಅದರ ಕೆಲಸ. ಸ್ಮಾರ್ಟ್ ಸ್ವಿಚ್ಚಾದರೋ ವೈ-ಫೈ ಕರೆಗೆ ಓಗೊಡಲು ಹಗಲಿರುಳೂ ಎಚ್ಚರವಾಗಿರಬೇಕು. ಅದಕ್ಕೇ ಕರೆಂಟು ಬೇಕು. ಫೇಸ್‌ನಲ್ಲಿ ಬಂದ ಕರೆಂಟು ಮರಳಲು ನ್ಯೂಟ್ರಲ್ ಬೇಕು. ಸಾಕೆಟ್ ಇರುವ ಬೋರ್ಡಿಗೆ ನ್ಯೂಟ್ರಲ್ ಬಂದೇ ಇರುತ್ತದೆ. ಮೆಟ್ಟಿಲ ಬಳಿಯ ಬರೀ ಸ್ವಿಚ್ಚಿನ ಬೋರ್ಡಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ನೇರ ದೀಪಕ್ಕೇ ಹೋಗಿರುತ್ತದೆ.

ಅಂಥ ಕಡೆಗೆಂದೇ ನ್ಯೂಟ್ರಲ್ ಬೇಡದ ಮಾದರಿಗಳಿವೆ. ಅವು ದೀಪದ ಮೂಲಕವೇ ತುಸು ಕರೆಂಟು ಹರಿಸಿಕೊಂಡು ಬದುಕುತ್ತವೆ. 60 ವಾಟಿನ ಹಳೆಯ ಬಲ್ಬು ಪೂರ್ತಿ ಬೆಳಗಲು ಸುಮಾರು 0.26 ಆಂಪಿಯರ್ ಬೇಕಿತ್ತು; ಈ ಸಣ್ಣ ಹರಿವು ಅದಕ್ಕೆ ತಾಗುತ್ತಲೇ ಇರಲಿಲ್ಲ. 9 ವಾಟಿನ ಎಲ್‌ಇಡಿಯೊಳಗಿನ ಕೆಪಾಸಿಟರ್ ಮಾತ್ರ ಹನಿಹನಿಯಾಗಿ ತುಂಬಿಕೊಂಡು ಒಮ್ಮೆಲೇ ಖಾಲಿಯಾಗುತ್ತದೆ. ಅದೇ ಆ ಮಿಣುಕು. ತಯಾರಕರು ಹೇಳಿದ ಬೈಪಾಸ್ ಸಾಧನವನ್ನು ದೀಪದ ಎರಡು ತಂತಿಗಳ ನಡುವೆ ಜೋಡಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಮಿಣುಕು ಬರೀ ಕಿರಿಕಿರಿ. ಕಣ್ಣಿಗೆ ಕಾಣದ ತಪ್ಪುಗಳೇ ಅಪಾಯ. ನ್ಯೂಟ್ರಲ್ ಸಿಗದಾಗ ಕೆಲವರು ಹಸಿರು ಅರ್ತ್ ತಂತಿಗೇ ಕಟ್ಟಿಬಿಡುತ್ತಾರೆ. ಸ್ವಿಚ್ಚೇನೋ ಕೆಲಸ ಮಾಡುತ್ತದೆ. ಆದರೆ ಗೀಸರು, ಫ್ರಿಜ್ಜುಗಳ ಲೋಹದ ಮೈಗೆ ಜೋಡಿಸಿರುವುದೂ ಅದೇ ತಂತಿ. ಮುಂದೆಲ್ಲೋ ಅದು ಕಡಿದರೆ ಸ್ವಿಚ್ಚಿನ ಮೂಲಕ ಹಾದ ಕರೆಂಟು ಆ ಮೈಗೆ ಏರುತ್ತದೆ. ಸೋರಿಕೆ ಕಂಡರೆ ಕರೆಂಟು ಕಡಿಯುವ ಆರ್‌ಸಿಸಿಬಿ ಇದೆಯಲ್ಲ ಎನ್ನಬೇಡಿ. ಮನೆಗಳಲ್ಲಿ ಹಾಕುವುದು ಹೆಚ್ಚಾಗಿ 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವಂಥದ್ದು. ಒಂದು ಸ್ವಿಚ್ಚಿನ ಸಣ್ಣ ಸೋರಿಕೆಗೆ ಅದು ಸುಮ್ಮನಿರಬಹುದು. ಇನ್ನೊಂದು ತಪ್ಪು, ಫೇಸ್–ನ್ಯೂಟ್ರಲ್ ಅದಲುಬದಲು. ಆಗ ದೀಪ ಆರಿದರೂ ಹೋಲ್ಡರಿನಲ್ಲಿ 230 ವೋಲ್ಟ್ ಕಾಯುತ್ತಿರುತ್ತದೆ.

ಸರಿಪಡಿಸಲು ಹೊರಟರೆ ಮೊದಲು ಮೇನ್ ಸ್ವಿಚ್ ಇಳಿಸಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆರಿಸಿ, ಅದರ ಔಟ್‌ಪುಟ್ ತಂತಿಯನ್ನೂ ಬೇರ್ಪಡಿಸಿ. ಇಲ್ಲವಾದರೆ ಹೊರಗಿನ ಕರೆಂಟು ನಿಂತೊಡನೆ ಅದೇ ಬೋರ್ಡಿಗೆ ಕರೆಂಟು ಕೊಡುತ್ತದೆ. ಟೆಸ್ಟರ್ ಹಚ್ಚುವ ಮುನ್ನ, ಕರೆಂಟಿರುವ ಕಡೆ ಅದು ಉರಿಯುತ್ತದೆಯೇ ಎಂದು ನೋಡಿರಬೇಕು. ಕೆಟ್ಟ ಟೆಸ್ಟರೂ ಉರಿಯುವುದಿಲ್ಲ. ತಂತಿ ಬಿಚ್ಚುವ ಮೊದಲು ಫೋಟೊ ತೆಗೆಯಿರಿ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಎಂಬುದು ರೂಢಿ. ಹಳೆಯ ಮನೆಗಳಲ್ಲಿ ಬಣ್ಣವನ್ನು ನಂಬುವಂತಿಲ್ಲ. ಸ್ಕ್ರೂ ಬಿಗಿದ ಮೇಲೆ ಪ್ರತಿ ತಂತಿಯನ್ನೂ ಮೆಲ್ಲಗೆ ಎಳೆದು ನೋಡಿ, ಲೂಸ್ ಕನೆಕ್ಷನ್ ಬಿಸಿಯೇರಿ ಸುಡುತ್ತದೆ.

ಹೊಸ ತಂತಿ ಎಳೆಯಬೇಕಾದರೆ, ತಂತಿಯ ಗುರುತೇ ಸಿಗದಿದ್ದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಪಕ್ಕದ ಸರ್ಕ್ಯೂಟಿನಿಂದ ನ್ಯೂಟ್ರಲ್ ಕಡ ತರುವುದೂ ಸಲ್ಲ. ದೀಪ ಹತ್ತಿತು, ಮೊಬೈಲಿಗೂ ಸ್ಪಂದಿಸಿತು ಎಂದು ಅವರು ಹೊರಡುವ ಮುನ್ನ ಒಂದೇ ಪ್ರಶ್ನೆ ಕೇಳಿ: “ನ್ಯೂಟ್ರಲ್ ಎಲ್ಲಿಂದ ತಗೊಂಡ್ರಿ?”