ಬೇಸ್ ಗಿಟಾರಿನ ನಾದಭೇದ

ವೀಣೆಯ ತಂತಿಯನ್ನು ಕುದುರೆಯ ಬಳಿ ಮೀಟಿದರೆ ನಾದ ಮೊನಚು, ದೂರದಲ್ಲಿ ಮೀಟಿದರೆ ಗಂಭೀರ. ಇದು ನೀವು ಬಲ್ಲ ಸಂಗತಿಯೇ. ಅಮೆರಿಕದ ಫೆಂಡರ್ ಸಂಸ್ಥೆ 1960ರಲ್ಲಿ ಹೊರತಂದ ‘ಜಾಝ್ ಬೇಸ್’ ಎಂಬ ವಿದ್ಯುತ್ ಗಿಟಾರಿನಲ್ಲಿ ಇಂಥದೇ ಭೇದವನ್ನು ಗುಂಡಿ ತಿರುಗಿಸಿ ಪಡೆಯಬಹುದು.

ಅದರ ತಂತಿಗಳ ಕೆಳಗೆ, ಕಂಪನವನ್ನು ವಿದ್ಯುತ್ತಾಗಿಸುವ ಎರಡು ‘ಪಿಕಪ್’ಗಳಿವೆ, ಒಂದೊಂದಕ್ಕೂ ಬೇರೆ ಗುಂಡಿ. ಕತ್ತಿನ ಕಡೆಯದನ್ನು ಏರಿಸಿದರೆ ಮೂಲಸ್ವರ ತುಂಬಿ ಬರುತ್ತದೆ. ಕುದುರೆಯ ಕಡೆಯದರಲ್ಲಿ ಉಪಸ್ವರಗಳು ಮುಂದಾಗಿ ಒಂದೊಂದು ಮೀಟೂ ಸ್ಫುಟವಾಗುತ್ತದೆ; ಜಾಕೋ ಪಾಸ್ಟೋರಿಯಸ್ ಅವರಿಗೆ ಪ್ರಿಯವಾಗಿದ್ದುದು ಈ ನಾದ. ಎರಡನ್ನೂ ಪೂರ್ತಿ ತೆರೆದರೆ ನಡುವಣ ಕೆಲವು ಉಪಸ್ವರಗಳು ಕುಗ್ಗಿ, ಗುಂಯ್‌ಗುಡುವ ಸದ್ದೂ ಬಹುಮಟ್ಟಿಗೆ ಅಡಗುತ್ತದೆ.

ಒಂಟಿಯಾಗಿ ಹಿತವೆನಿಸಿದ ನಾದ ಮೇಳದಲ್ಲಿ ಮುಳುಗಿಹೋದೀತು. ಆದುದರಿಂದ ನೀವು ನುಡಿಸುವವರಾದರೆ, ಮೇಳದೊಡನೆ ಕೇಳಿಯೇ ಗುಂಡಿಗಳನ್ನು ಹೊಂದಿಸಿರಿ.