ಕನ್ನಡಿ ಮಾರಿ ಆಕಾಶ ಕೊಂಡವರು

ಹತ್ತನೇ ತರಗತಿಯಲ್ಲಿ ನಿಮ್ನ ದರ್ಪಣದ ಪಾಠ ಬಂದಾಗ ಪ್ರತಿ ವರ್ಷವೂ ಯಾರಾದರೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ: 'ಸಾರ್, ಒಂದು ದೂರದರ್ಶಕಕ್ಕೆ ಎಷ್ಟಾಗುತ್ತೆ?' ಬೆಲೆ ಹೇಳಿದೊಡನೆ ಅವನ ಮುಖ ಸಣ್ಣದಾಗುತ್ತದೆ. ಆಗ ಪುಸ್ತಕ ಮುಚ್ಚಿಟ್ಟು ನಾನೊಂದು ಕತೆ ಹೇಳುತ್ತೇನೆ. ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಒಬ್ಬ ಸಂಗೀತದ ಮೇಷ್ಟ್ರು ಇದೇ ಪ್ರಶ್ನೆ ಕೇಳಿದ್ದ. ಉತ್ತರ ಕೇಳಿ ಅವನ ಮುಖವೂ ಸಣ್ಣದಾಗಿತ್ತು.

ಅವನೇ ವಿಲಿಯಂ ಹರ್ಷೆಲ್. ಹುಟ್ಟಿದ್ದು 1738ರಲ್ಲಿ, ಜರ್ಮನಿಯ ಹ್ಯಾನೋವರಿನಲ್ಲಿ. ತಂದೆಯಂತೆ ಸೈನ್ಯದ ವಾದ್ಯವೃಂದದಲ್ಲಿ ಓಬೋ ನುಡಿಸುತ್ತಿದ್ದ. 1757ರಲ್ಲಿ ಇಂಗ್ಲೆಂಡಿಗೆ ಬಂದ. 1766ರಲ್ಲಿ ಬಾತ್ ನಗರದ ಒಂದು ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುವ ಕೆಲಸ ಸಿಕ್ಕಿತು. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಆ ಊರಿಗೆ ಶ್ರೀಮಂತರು ಬಂದಿಳಿಯುತ್ತಿದ್ದರು. ಅವರ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುವವರು ಬೇಕಿತ್ತು. ಜನ ಹೆಚ್ಚಿರುವ ತಿಂಗಳುಗಳಲ್ಲಿ ಹರ್ಷೆಲ್ ವಾರಕ್ಕೆ ಮೂವತ್ತಕ್ಕೂ ಹೆಚ್ಚು ಪಾಠ ಹೇಳುತ್ತಿದ್ದ.

1773ರಲ್ಲಿ ಅವನು ಖಗೋಳದ ಒಂದು ಪುಸ್ತಕ ಕೊಂಡ. ಓದಿದ್ದನ್ನು ಕಣ್ಣಾರೆ ಕಾಣುವ ಆಸೆಯಾಗಿ ಪುಟ್ಟ ದೂರದರ್ಶಕವೊಂದನ್ನು ಬಾಡಿಗೆಗೆ ತಂದ. ಅದು ಸಾಲಲಿಲ್ಲ. ದೊಡ್ಡ ಕನ್ನಡಿಗಾಗಿ ಲಂಡನ್ನಿಗೆ ಕಾಗದ ಬರೆದ. ಅಷ್ಟು ದೊಡ್ಡದು ಸಿದ್ಧವಿಲ್ಲ, ಮಾಡಿಕೊಡಬಹುದು ಎಂಬ ಉತ್ತರ ಬಂತು. ಆದರೆ ಕೇಳಿದ ಬೆಲೆ ಅವನ ಕೈಗೆ ಎಟುಕುವಂತಿರಲಿಲ್ಲ. ಅದೇ ಊರಿನಲ್ಲಿ ಕನ್ನಡಿ ಉಜ್ಜುವ ಹವ್ಯಾಸವಿದ್ದ ಒಬ್ಬಾತ ಅದನ್ನು ಬಿಟ್ಟುಬಿಡುವವನಿದ್ದ. ಅವನ ಹತಾರಗಳನ್ನೂ ಅರ್ಧಂಬರ್ಧ ಉಜ್ಜಿದ್ದ ಕನ್ನಡಿಗಳನ್ನೂ ಕೊಂಡು ಹರ್ಷೆಲ್ ತಾನೇ ಕೆಲಸಕ್ಕಿಳಿದ. ಸಂಗೀತ ಪಾಠದ ದುಡ್ಡು ತಾಮ್ರ, ತವರವಾಗತೊಡಗಿತು.

ಹೌದು, ತಾಮ್ರ ಮತ್ತು ತವರ! ಆ ಕಾಲದ ದೂರದರ್ಶಕದ ಕನ್ನಡಿ ಗಾಜಿನದಲ್ಲ, ಲೋಹದ್ದು. ಎರಡು ಪಾಲು ತಾಮ್ರಕ್ಕೆ ಸುಮಾರು ಒಂದು ಪಾಲು ತವರ ಬೆರೆಸಿ ಕರಗಿಸಿದರೆ ಬೆಳ್ಳಿಯಂತೆ ಹೊಳೆಯುವ ಲೋಹ ದೊರೆಯುತ್ತದೆ. ನಮ್ಮ ದೇವಸ್ಥಾನದ ಗಂಟೆಯ ಕಂಚಿಗೆ ಇದು ದಾಯಾದಿ. ಆದರೆ ತವರ ಹೆಚ್ಚಿರುವುದರಿಂದ ಗಾಜಿನಂತೆ ಪೆಡಸು, ತಣಿಯುವಾಗ ಸೀಳಿಬಿಡಬಹುದು. ಎರಕದ ಬಿಲ್ಲೆಯನ್ನು ಒರಟು ಪುಡಿ ಹಾಕಿ ಉಜ್ಜಿ ತಗ್ಗಾಗಿಸಬೇಕು. ಆಮೇಲೆ ಪಿಚ್ ಎಂಬ ಕರಿಯ ಅಂಟಿನ ಮೇಲೆ ನಯವಾದ ಪುಡಿಯಿಂದ ಹೊಳಪು ಕೊಡಬೇಕು. ಬರೀ ಗೋಳದ ತಗ್ಗಾದರೆ ಸಾಲದು. ಅಂಚಿನಿಂದ ಬಂದ ಕಿರಣವೂ ನಡುವಿನಿಂದ ಬಂದ ಕಿರಣವೂ ಒಂದೇ ಬಿಂದುವಿನಲ್ಲಿ ಕೂಡಬೇಕಾದರೆ ತಗ್ಗು ಪರವಲಯದ ಆಕಾರ ತಾಳಬೇಕು. ವ್ಯತ್ಯಾಸ ಕೂದಲೆಳೆಗಿಂತಲೂ ಎಷ್ಟೋ ಪಾಲು ಕಡಿಮೆ. ಅದನ್ನು ಕೈಯೇ ಅರಿಯಬೇಕು.

ಮನೆ ಕಾರ್ಖಾನೆಯಾಯಿತು. ಅತಿಥಿಗಳು ಕೂರುವ ಕೋಣೆಯಲ್ಲಿ ಬಡಗಿ ಕೊಳವೆ ಮಾಡುತ್ತಿದ್ದ. ಮಲಗುವ ಕೋಣೆಯಲ್ಲಿ ತಮ್ಮ ಅಲೆಕ್ಸಾಂಡರ್ ಕಡಸಲು ಯಂತ್ರ ತಿರುಗಿಸುತ್ತಿದ್ದ. ಕಚೇರಿ ಮುಗಿಸಿ ಬಂದ ಹರ್ಷೆಲ್ ಉಡುಪು ಬದಲಿಸುವಷ್ಟೂ ತಾಳ್ಮೆಯಿಲ್ಲದೆ ಕೆಲಸಕ್ಕೆ ಕೂರುತ್ತಿದ್ದ. ತೋಳಿನ ಕಸೂತಿಗೆಲ್ಲ ಪಿಚ್ ಮೆತ್ತುತ್ತಿತ್ತು. ಒಮ್ಮೆ ಹದಿನಾರು ಗಂಟೆ ಕನ್ನಡಿಯಿಂದ ಕೈ ತೆಗೆಯದೆ ಉಜ್ಜಿದನಂತೆ. ತಂಗಿ ಕ್ಯಾರೊಲಿನ್ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಎರಕದ ಅಚ್ಚಿಗೆ ಬೇಕಾದ ಕುದುರೆ ಲದ್ದಿಯನ್ನು ಕುಟ್ಟಿ ಜರಡಿ ಹಿಡಿದದ್ದೂ ಆಕೆಯೇ. 1781ರಲ್ಲಿ ಮೂರು ಅಡಿ ಅಗಲದ ಕನ್ನಡಿ ಎರಕ ಹೊಯ್ಯಲು ಹೋದಾಗ ಕುಲುಮೆ ಸೋರಿ ಕಾದ ಲೋಹ ನೆಲಕ್ಕೆ ಹರಿಯಿತು. ಹಾಸುಗಲ್ಲುಗಳು ಸಿಡಿದು ಸೂರಿಗೆ ಹಾರಿದವು. ಎಲ್ಲರೂ ಓಡಿ ಜೀವ ಉಳಿಸಿಕೊಂಡರು.

ಅದೇ ವರ್ಷದ ಮಾರ್ಚ್ 13ರ ರಾತ್ರಿ, ಆರು ಅಂಗುಲಕ್ಕಿಂತ ತುಸು ಹೆಚ್ಚು ಅಗಲದ ಕನ್ನಡಿಯಿದ್ದ ಏಳು ಅಡಿಯ ದೂರದರ್ಶಕದಲ್ಲಿ, ಹರ್ಷೆಲ್‌ಗೆ ಒಂದು 'ನಕ್ಷತ್ರ' ಪುಟ್ಟ ಬಿಲ್ಲೆಯಂತೆ ಕಂಡಿತು. ಧೂಮಕೇತು ಇರಬೇಕೆಂದುಕೊಂಡ. ಅದು ಯುರೇನಸ್ ಗ್ರಹ! ದೂರದರ್ಶಕದ ಸಹಾಯದಿಂದ ಮನುಷ್ಯ ಕಂಡುಹಿಡಿದ ಮೊದಲ ಗ್ರಹ.

ಮರುವರ್ಷ ದೊರೆ ಮೂರನೆಯ ಜಾರ್ಜ್ ವರ್ಷಕ್ಕೆ 200 ಪೌಂಡ್ ಸಂಭಾವನೆ ಗೊತ್ತುಮಾಡಿದ. ಗೌರವ ದೊಡ್ಡದು, ಮೊತ್ತ ಚಿಕ್ಕದು. ಸಂಗೀತದಿಂದ ಅವನಿಗೆ ಅದಕ್ಕಿಂತ ಹೆಚ್ಚು ಬರುತ್ತಿತ್ತು. ಸಂಗೀತ ಬಿಟ್ಟದ್ದಾಗಿದೆ, ಇನ್ನೂ ದೊಡ್ಡ ದೂರದರ್ಶಕಗಳ ಕನಸು ಬಿಟ್ಟಿಲ್ಲ. ಹರ್ಷೆಲ್ ತನ್ನ ಕೈಕಸುಬನ್ನೇ ಮಾರಾಟಕ್ಕಿಟ್ಟ. ಏಳು ಅಡಿಯ ದೂರದರ್ಶಕಕ್ಕೆ ಬೆಲೆ 100 ಗಿನಿ. ಒಂದು ಗಿನಿಯೆಂದರೆ ಪೌಂಡಿಗಿಂತ ಒಂದು ಷಿಲಿಂಗ್ ಹೆಚ್ಚು. ಎರಡು ದೂರದರ್ಶಕ ಮಾರಿದರೆ ದೊರೆಯ ಒಂದು ವರ್ಷದ ಸಂಭಾವನೆಗೆ ಸಮ! ಸ್ಪೇನಿನ ರಾಜನಿಗಾಗಿ ಮಾಡಿದ 25 ಅಡಿಯ ದೂರದರ್ಶಕಕ್ಕೆ 3,150 ಪೌಂಡ್ ಬಂತು. 1802ರಲ್ಲಿ ಅದು ಮ್ಯಾಡ್ರಿಡ್ ಸೇರಿತು. 1795ರ ಹೊತ್ತಿಗೆ ಅವನು ಮಾಡಿದ್ದ ಕನ್ನಡಿಗಳು ನಾನೂರಕ್ಕೂ ಹೆಚ್ಚು.

ಕೊಳ್ಳುವವರು ಅವನನ್ನೇ ಹುಡುಕಿಕೊಂಡು ಬಂದದ್ದೇಕೆ? ಮಾಡಿದವನೇ ರಾತ್ರಿಯಿಡೀ ಅದರಲ್ಲಿ ಕಣ್ಣಿಟ್ಟು ಕೂರುವವನು ಎಂಬುದೇ ಮುಖ್ಯ ಕಾರಣ. ಹಗಲು ಉಜ್ಜಿದ ಕನ್ನಡಿಗೆ ರಾತ್ರಿಯ ನಕ್ಷತ್ರವೇ ಪರೀಕ್ಷಕ. ನಕ್ಷತ್ರ ಚುಕ್ಕಿಯಾಗಿ ಕಾಣದಿದ್ದರೆ ಕನ್ನಡಿ ಮತ್ತೆ ಕಲ್ಲಿಗೆ. ಹವ್ಯಾಸ ಕಸುಬನ್ನು ಸಾಕಿತು. ಕಸುಬು ಹವ್ಯಾಸವನ್ನು ಸಾಕಿತು.

ಕತೆ ಇಲ್ಲಿಗೇ ನಿಂತರೆ ಹುಡುಗನಿಗೆ ಖುಷಿಯಾಗುತ್ತದೆ. ಆದರೆ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಪುಟವಿದೆ. ಮಾರಾಟದ ಕನ್ನಡಿಗಳನ್ನು ಉಜ್ಜುತ್ತ ಕಳೆದ ಹೊತ್ತು ಆಕಾಶಕ್ಕೆ ಸಿಗಬೇಕಾಗಿದ್ದ ಹೊತ್ತು. ಕ್ಯಾರೊಲಿನ್ ಬರೆದಿಟ್ಟ ನೆನಪುಗಳಲ್ಲಿ ಆ ಕೊರಗು ಉದ್ದಕ್ಕೂ ಇದೆ. 1788ರಲ್ಲಿ ಅನುಕೂಲಸ್ಥ ವಿಧವೆಯೊಬ್ಬಳನ್ನು ಮದುವೆಯಾದ ಮೇಲಷ್ಟೇ ಅವನ ಹಣದ ಚಿಂತೆ ಹಗುರವಾಯಿತು.

ಹೆಚ್ಚು ತೆತ್ತವಳು ಕ್ಯಾರೊಲಿನ್. ಆಕೆ 1772ರಲ್ಲಿ ಬಾತ್‌ಗೆ ಬಂದದ್ದು ಹಾಡುಗಾರ್ತಿಯಾಗಲು, ಆದಳು ಕೂಡ. ಮುಖ್ಯ ಗಾಯಕಿಯಾಗಿ ಹೆಸರು ಮಾಡಿ, ಬೇರೆ ಊರಿನಿಂದ ಕರೆ ಬಂದಾಗ ಅಣ್ಣನ ಕಚೇರಿಯಲ್ಲದೆ ಬೇರೆಡೆ ಹಾಡುವುದಿಲ್ಲ ಎಂದವಳು. 1782ರಲ್ಲಿ ಅಣ್ಣ ಸಂಗೀತ ಬಿಟ್ಟಾಗ ಆಕೆಯ ಹಾಡೂ ನಿಂತಿತು. ಆಮೇಲೆ ರಾತ್ರಿಯೆಲ್ಲ ಅಣ್ಣ ಕೂಗಿ ಹೇಳಿದ್ದನ್ನು ದೀಪದ ಬೆಳಕಿನಲ್ಲಿ ಬರೆದುಕೊಳ್ಳುವ ಕೆಲಸ. 1783ರ ಡಿಸೆಂಬರ್ 31ರ ರಾತ್ರಿ ಹಿಮದಲ್ಲಿ ಓಡುವಾಗ ಜಾರಿಬಿದ್ದಳು. ಕಬ್ಬಿಣದ ಕೊಕ್ಕೆ ತೊಡೆಗೆ ನಾಟಿತು.

ಅಣ್ಣ ಊರಲ್ಲಿಲ್ಲದ ಒಂದು ರಾತ್ರಿ, 1786ರ ಆಗಸ್ಟ್ 1ರಂದು, ಆಕೆ ತನ್ನ ಪುಟ್ಟ ದೂರದರ್ಶಕದಲ್ಲಿ ಒಂದು ಧೂಮಕೇತು ಕಂಡಳು. ಆಕೆ ಕಂಡ ಎಂಟು ಧೂಮಕೇತುಗಳಲ್ಲಿ ಅದು ಮೊದಲನೆಯದು. ಮರುವರ್ಷ ದೊರೆ ಆಕೆಗೂ ವರ್ಷಕ್ಕೆ 50 ಪೌಂಡ್ ಸಂಬಳ ಗೊತ್ತುಮಾಡಿದ. ತನ್ನ ಇಷ್ಟದಂತೆ ಖರ್ಚು ಮಾಡಬಹುದೆಂದು ಜೀವಮಾನದಲ್ಲಿ ಅನ್ನಿಸಿದ ಮೊದಲ ದುಡ್ಡು ಅದೇ ಎಂದು ಆಕೆ ಬರೆದುಕೊಂಡಿದ್ದಾಳೆ. ಆಗ ಆಕೆಯ ವಯಸ್ಸು ಮೂವತ್ತೇಳು.

ಇಂದು ಕನ್ನಡಿಗೆ ಲೋಹ ಕರಗಿಸಬೇಕಿಲ್ಲ. ಒಂದೇ ಅಳತೆಯ ಎರಡು ಗಾಜಿನ ಬಿಲ್ಲೆ, ನಡುವೆ ಉಜ್ಜುವ ಪುಡಿ ಮತ್ತು ನೀರು, ಬೇಕಾದಷ್ಟು ತಾಳ್ಮೆ ಇದ್ದರಾಯಿತು. ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಬೆಂಗಳೂರಿನಲ್ಲೂ ಹವ್ಯಾಸಿಗಳು ಹೀಗೆ ಕನ್ನಡಿ ಮಾಡಿದ್ದಾರೆ. ಕೈ ಪಳಗಿದರೆ ಇನ್ನೊಬ್ಬರಿಗೂ ಮಾಡಿಕೊಟ್ಟು ಮುಂದಿನ ಕನ್ನಡಿಯ ಖರ್ಚು ಹುಟ್ಟಿಸಬಹುದು. ಇಷ್ಟು ಹೇಳುವಷ್ಟರಲ್ಲಿ ಹುಡುಗನ ಮುಖ ಮತ್ತೆ ಅರಳಿರುತ್ತದೆ.

ಗಂಟೆ ಬಾರಿಸುವ ಮುನ್ನ ಅವನಿಗೊಂದು ಪ್ರಶ್ನೆ ಕೇಳುತ್ತೇನೆ: 'ಸರಿಯಪ್ಪ, ನೀನು ಉಜ್ಜುತ್ತ ಕೂತಾಗ ನಿನಗೆ ತುತ್ತಿಡುವವರು ಯಾರು? ನಿನ್ನ ಕನ್ನಡಿಯಲ್ಲಿ ಮೊದಲು ಚಂದ್ರನನ್ನು ಅವರಿಗೇ ತೋರಿಸುತ್ತೀಯಾ?'