214 ಕೋಟಿಗೆ ನಿಂತುಹೋಗುವ ಗಡಿಯಾರ: 2147483647ರ ಕಥೆ

ಕಳೆದ ತಿಂಗಳು ಅಕ್ಕ-ಭಾವ 20 ವರ್ಷದ ಹೋಂ ಲೋನ್ ತಗೊಂಡ್ರು. ಕೊನೇ ಕಂತಿನ ದಿನ ಗುರುತು ಹಾಕೋಣ ಅಂತ ಮನೆಯ ಹಳೇ ಫೋನ್‌ನಲ್ಲಿ ಕ್ಯಾಲೆಂಡರ್ ತೆರೆದೆ. 2037ರ ಡಿಸೆಂಬರ್ ದಾಟಿ ಅದು ಮುಂದಕ್ಕೆ ಹೋಗಲೇ ಇಲ್ಲ! ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ಸಂಖ್ಯೆ: 2147483647. ಅಂದ್ರೆ 214 ಕೋಟಿ 74 ಲಕ್ಷದ 83 ಸಾವಿರದ 647.

ಇದೇ ಸಂಖ್ಯೆ ಯಾಕೆ? ಕಂಪ್ಯೂಟರ್‌ಗೆ ಗೊತ್ತಿರೋದು 0 ಮತ್ತು 1 ಮಾತ್ರ. ಹಳೇ ಸಿಸ್ಟಂಗಳಲ್ಲಿ ಒಂದು ಸಂಖ್ಯೆ ಬರೆಯೋಕೆ 32 ಮನೆಗಳಿದ್ದವು. ಒಂದು ಮನೆ ಪ್ಲಸ್ಸೋ ಮೈನಸ್ಸೋ ಹೇಳೋಕೆ. ಉಳಿದ 31 ಮನೆಗಳ ಬೆಲೆ 1, 2, 4, 8 ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತೆ. ಮೂರು ಮನೆಯಲ್ಲೂ 1 ತುಂಬಿದರೆ ಮೊತ್ತ 7, ಅಂದ್ರೆ 8ಕ್ಕೆ ಒಂದು ಕಮ್ಮಿ. 31 ಮನೆ ತುಂಬಿದರೆ ನಮ್ಮ ಈ ಸಂಖ್ಯೆ. ಅಲ್ಲಿಗೆ ಜಾಗ ಖಾಲಿ.

ಕಂಪ್ಯೂಟರ್ ಹುಟ್ಟೋ ಮೊದಲೇ ಈ ಸಂಖ್ಯೆ ಫೇಮಸ್ ಆಗಿತ್ತು. ಇದೊಂದು ಅವಿಭಾಜ್ಯ ಸಂಖ್ಯೆ. 1 ಮತ್ತು ಅದನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗ ಹೋಗಲ್ಲ. ಇದನ್ನು 1772ರಲ್ಲಿ ಸಾಬೀತು ಮಾಡಿದ್ದು ಲಿಯೊನಾರ್ಡ್ ಆಯ್ಲರ್, ಅದೂ ಕೈಲೆಕ್ಕದಲ್ಲಿ. ಇದರ ವರ್ಗಮೂಲ ಸುಮಾರು 46,340. ಅಷ್ಟರವರೆಗೆ ಪರೀಕ್ಷೆ ಮಾಡಿದರೆ ಸಾಕು. ಅದರಲ್ಲೂ 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಉಳಿಯುವ ಸಂಖ್ಯೆಗಳಷ್ಟೇ ಇದನ್ನು ಭಾಗಿಸುವ ಸಾಧ್ಯತೆ ಇತ್ತು. ಸಾವಿರಾರು ಭಾಗಾಕಾರ ಕೆಲವೇ ನೂರಕ್ಕೆ ಇಳಿಯಿತು.

ಆದರೆ ಗೋಡೆ ಕಟ್ಟಿದ್ದು ಈ ಗುಣ ಅಲ್ಲ, ಆ 31 ಮನೆ. 64 ಮನೆಯ ವ್ಯವಸ್ಥೆಯ ಮಿತಿ ಅವಿಭಾಜ್ಯ ಅಲ್ಲವೇ ಅಲ್ಲ, 7ರಿಂದಲೇ ಭಾಗ ಹೋಗುತ್ತೆ.

ಈಗ ಗಡಿಯಾರಕ್ಕೆ ಬರೋಣ. ಎಷ್ಟೋ ಸಾಧನಗಳು ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಆ ಎಣಿಕೆ 2147483647 ಮುಟ್ಟೋದು 2038ರ ಜನವರಿ 19, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಮೈನಸ್ ಮನೆ ತುಂಬಿ, 32 ಮನೆಯ ಗಡಿಯಾರ 1901ರ ಡಿಸೆಂಬರ್‌ಗೆ ಹಾರಬಹುದು.

ಹೊಸ ಫೋನ್‌ಗಳು 64 ಮನೆಯವು. ಅವಕ್ಕೆ 29,000 ಕೋಟಿ ವರ್ಷಕ್ಕೂ ಹೆಚ್ಚು ಟೈಂ ಇದೆ. ಚಿಂತೆ ಇರೋದು ಹಳೇ ಮಷೀನ್‌ಗಳದ್ದು, ದಿನಾಂಕವನ್ನು ಇನ್ನೂ 32 ಮನೆಯಲ್ಲೇ ಇಡೋ ಸಾಫ್ಟ್‌ವೇರ್‌ನದ್ದು. ಅದಕ್ಕೆ 2038 ಬರೋವರೆಗೂ ಕಾಯಬೇಕಿಲ್ಲ. ಬಿ.ಕಾಂ ಓದಿದವನಾಗಿ ನನಗೆ ಇದು ತಟ್ಟಿದ್ದು ಇಲ್ಲೇ: 20 ವರ್ಷದ ಸಾಲದ ಕೊನೇ ತಾರೀಖನ್ನು ಇವತ್ತೇ ಲೆಕ್ಕ ಹಾಕಬೇಕು.

ಭಾವನಿಗೆ ಹೇಳಿದೆ, ಕಂತಿನ ಪಟ್ಟಿಯ ಪ್ರಿಂಟ್ ತಗೊಂಡು ಕೊನೇ ತಾರೀಖು ನೋಡಿ ಅಂತ. ನೋಡಿದ್ರು, ಸರಿಯಾಗೇ ಇತ್ತು. ನೀವೂ ಒಮ್ಮೆ ನೋಡಿಬಿಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.